ಕಡಿಮೆ ಕೇಡೆಂಬ ಮಾತಿನ ವಿಚಾರ

ಕೆಟ್ಟದ್ದನ್ನು ಬಿಟ್ಟು ಅದಕ್ಕಿಂತ ಕಡಿಮೆ ಕೆಟ್ಟದ್ದನ್ನು ಹಿಡಿದವನು ಒಳ್ಳೆಯದನ್ನು ಮಾಡಿದನೆಂದು ಹೇಳಬಹುದೋ? ಈ ಪ್ರಶ್ನೆಯು ಪುಸ್ತಕದಿಂದ ನಮಗೆ ಬಂದದ್ದಲ್ಲ. ಕಳೆದ ಮಳೆಗಾಲದಲ್ಲಿ ನೆರೆಯೂರಿನ ಒಂದು ಮನೆಯ ಜಗಲಿಯಲ್ಲಿ ಅದು ನಮ್ಮ ಮುಂದೆ ಬಂತು. ಆ ದಿನ ನಾವು ಕೊಟ್ಟ ಉತ್ತರವು ಅರ್ಧವಾಗಿದ್ದದರಿಂದ ಉಳಿದರ್ಧವನ್ನು ಇಲ್ಲಿ ಬರೆಯುತ್ತೇವೆ.

ಆ ಮನೆಯ ಯಜಮಾನರು ಅರುವತ್ತು ದಾಟಿದವರು, ಮೀಸೆ ಮೂಡುವದಕ್ಕೆ ಮುಂಚೆಯೇ ಬೀಡಿ ಹಿಡಿದವರು. ಅವರ ಹೆಂಡತಿ ಮೊರದಲ್ಲಿ ಬೀಡಿಯ ಎಲೆಗಳನ್ನು ಇಟ್ಟುಕೊಂಡು ಮಾತಾಡುತ್ತಾ ಆಡುತ್ತಾ ಬೀಡಿ ಕಟ್ಟುತ್ತಿದ್ದರು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಅಕ್ಕಿಯು ಹೀಗೆ ಕಟ್ಟಿದ ಕೈಗಳಿಂದಲೇ ಬಂದದ್ದೆಂಬದನ್ನು ಮರೆಯದೆ ಮುಂದಿನದನ್ನು ಓದಬೇಕೆಂದು ಕೇಳುತ್ತೇವೆ. ಯಜಮಾನರ ತಂಗಿಯ ಮಗನು ಇಂಗ್ಲೆಂಡಿನಲ್ಲಿ ಮುದುಕರನ್ನು ಆರೈಕೆ ಮಾಡುವ ಮನೆಯೊಂದರಲ್ಲಿ ಕೆಲಸಕ್ಕಿದ್ದು, ರಜೆಯಲ್ಲಿ ಬಂದಿದ್ದನು. ಅವನು ಎಂಟು ವರುಷ ಸಿಗರೇಟು ಸೇದಿ, ಅನಂತರ ಅದನ್ನು ಬಿಟ್ಟು, ವೇಪ್ ಎಂಬ ಯಂತ್ರದ ಆವಿಯನ್ನು ಎಳೆಯಲಿಕ್ಕೆ ತೊಡಗಿದ್ದನು. ನಮ್ಮ ದೇಶದಲ್ಲಿ ಅದಕ್ಕೆ ನಿಷೇಧವುಂಟೆಂದು ತಿಳಿದು ಯಂತ್ರವನ್ನು ಅಲ್ಲೇ ಇಟ್ಟು ಬಂದಿದ್ದನು. ಮೊಬೈಲಿನಲ್ಲಿದ್ದ ಅದರ ಚಿತ್ರವನ್ನು ಮಾತ್ರ ತೋರಿಸಿದನು: ಅಂಗೈಯಷ್ಟು ಪೆಟ್ಟಿಗೆ, ಮೇಲೊಂದು ಗಾಜಿನ ಕೊಳವೆ, ಅವನ ಮುಖವನ್ನೆಲ್ಲಾ ಮುಚ್ಚುವಷ್ಟು ಬಿಳೀ ಮೋಡ.

"ಹೊಗೆ ಬಿಟ್ಟೆ ಅನ್ನುತ್ತೀ, ಬಾಯಲ್ಲಿ ಮೋಡ ಬಿಡುತ್ತೀ! ನನ್ನ ಬೀಡಿಯಾದರೂ ಎಲೆಯದು," ಅಂದರು ಯಜಮಾನರು.

"ಮಾವ, ಅದು ಹೊಗೆಯಲ್ಲ, ಆವಿ. ಸಿಗರೇಟಿನ ಕೇಡಿಗಿಂತ ನೂರಕ್ಕೆ ತೊಂಬತ್ತೈದು ಪಾಲು ಕಡಿಮೆಯೆಂದು ಅಲ್ಲಿಯ ಸರಕಾರದವರೇ ಹೇಳಿದ್ದಾರೆ. ಕೆಮ್ಮು ಸ್ವಲ್ಪ ಬರುತ್ತದೆ, ಗಂಟಲು ಒಣಗುತ್ತದೆ, ಅಷ್ಟೇ."

ಆಗ ಬಾಗಿಲಿನ ಹತ್ತಿರ ನಿಂತಿದ್ದ ಮನೆಯ ಕಿರಿಯ ಮಗನು, ಹದಿನೇಳು ವರುಷದವನು, ಈ ತನಕ ಏನನ್ನೂ ಸೇದದವನು, "ಹಾಗಾದರೆ ನಾನು ಅದನ್ನು ಎಳೆದರೆ ತಪ್ಪೇನಿಲ್ಲವಲ್ಲ ಭಾವ?" ಎಂದು ಕೇಳಿದನು. ಜಗಲಿಯಲ್ಲಿ ಎಲ್ಲರೂ ಸುಮ್ಮನಾದರು. "ಉಪದೇಶಿಯವರು ಹೇಳಲಿ," ಅಂದರು ಯಜಮಾನರು, ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು.

ಮೊದಲು ಆ ಯಂತ್ರವೇನೆಂದು ತಿಳಿಯಬೇಕು. ತಿಳಿಯದ್ದನ್ನು ಖಂಡಿಸುವದು ಉಪದೇಶಿಗಳ ಹಳೇ ರೋಗ. ಅದು ನಮಗೂ ಇದೆ. ಈಗ ಲೋಕದಲ್ಲಿ ಹಬ್ಬಿರುವ ಯಂತ್ರದ ಮೂಲವನ್ನು 2003ರ ಸುಮಾರಿಗೆ ಚೀನಾ ದೇಶದ ಹೊನ್ ಲಿಕ್ ಎಂಬ ಔಷಧಶಾಸ್ತ್ರಜ್ಞನು ರಚಿಸಿದನು. ತಾನೇ ಬಹಳವಾಗಿ ಸಿಗರೇಟು ಸೇದುವವನಾಗಿದ್ದು, ಅದರಿಂದ ಬಿಡುಗಡೆಯನ್ನು ಹುಡುಕಿದವನು. ಅದರಲ್ಲಿ ತಂಬಾಕಿನ ಎಲೆ ಸುಡುವದಿಲ್ಲ. ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಎಂಬ ಎರಡು ಮಂದವಾದ ದ್ರವಗಳಲ್ಲಿ ನಿಕೋಟಿನನ್ನೂ ಪರಿಮಳವನ್ನೂ ಬೆರಸಿ, ಆ ದ್ರವವು ಹೀರಿದ ಹತ್ತಿಯ ಸುತ್ತಲಿರುವ ತಂತಿಯ ಸುರುಳಿಯನ್ನು ಬ್ಯಾಟರಿಯಿಂದ ಕಾಯಿಸಿದರೆ ಆವಿಯೇಳುತ್ತದೆ. ಸುಡುವಿಕೆ ಇಲ್ಲದ್ದರಿಂದ ಸಿಗರೇಟಿನ ಹೊಗೆಯಲ್ಲಿರುವ ಟಾರು ಮತ್ತು ಇಂಗಾಲದ ವಿಷಾನಿಲವು ಇದರಲ್ಲಿ ಇಲ್ಲವೆಂಬಷ್ಟು ಕಡಿಮೆ. ಇದು ಸತ್ಯ, ಇದನ್ನು ಒಪ್ಪದೆ ಮುಂದೆ ಹೋಗುವವನು ನ್ಯಾಯವಾಗಿ ವಾದಿಸಲಾರನು.

ಇನ್ನು ಸಬ್-ಓಮ್ ಎಂಬದು. ತಂತಿಯು ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಅಳೆಯುವ ಮಾನಕ್ಕೆ, ಆ ನಿಯಮವನ್ನು 1827ರಲ್ಲಿ ಪ್ರಕಟಿಸಿದ ಜರ್ಮನಿಯ ಉಪಾಧ್ಯಾಯನ ಹೆಸರಿನ ಮೇಲೆ ಓಮ್ ಎನ್ನುತ್ತಾರೆ. ಗದ್ದೆಯ ಕಂಡಿಯನ್ನು ಅಗಲ ಮಾಡಿದಷ್ಟು ನೀರು ಹೆಚ್ಚು ಹರಿಯುವ ಹಾಗೆ, ತಡೆಯು ಕಡಿಮೆಯಾದಷ್ಟು ವಿದ್ಯುತ್ತು ಹೆಚ್ಚು ಹರಿಯುವದು. ಬ್ಯಾಟರಿಯ ಬಲ 3.7 ವೋಲ್ಟ್ ಇರುವಲ್ಲಿ, 1.8 ಓಮಿನ ಸುರುಳಿಯು ಸುಮಾರು ಏಳೂವರೆ ವಾಟಿನ ಕಾವನ್ನು ಕೊಟ್ಟರೆ, ಅರ್ಧ ಓಮಿನ ಸುರುಳಿಯು 27 ವಾಟಿನ ಕಾವನ್ನು ಕೊಡುವದು. ಒಂದು ಓಮಿಗಿಂತ ಕೆಳಗಿನದಕ್ಕೆಲ್ಲಾ ಸಬ್-ಓಮ್ ಎಂದು ಹೆಸರು. ಹಳೇ ಯಂತ್ರದ ಆವಿಯನ್ನು ಸಿಗರೇಟಿನಂತೆ ಮೊದಲು ಬಾಯಲ್ಲಿ ಹಿಡಿದು ಆಮೇಲೆ ಒಳಗೆ ಬಿಡುವರು. ಸಬ್-ಓಮ್ ಯಂತ್ರದ್ದನ್ನು ಉಸಿರಿನಂತೆ ನೇರವಾಗಿ ಶ್ವಾಸಕೋಶಕ್ಕೇ ಎಳೆಯುವರು. ದೊಡ್ಡ ಮೋಡವನ್ನು ಬಿಡುವದರಲ್ಲಿ ಪಂತವೂ ನಡೆಯುವದುಂಟು.

ಇಲ್ಲಿ ಕಡಿಮೆ ಎಂಬ ಮಾತು ಮೊದಲನೆಯ ಸಲ ನಮ್ಮನ್ನು ಮೋಸಗೊಳಿಸುತ್ತದೆ. ಇಷ್ಟು ದೊಡ್ಡ ಮೋಡದಲ್ಲಿ ಗಟ್ಟಿಯಾದ ನಿಕೋಟಿನನ್ನು ಗಂಟಲು ತಾಳದಿದ್ದದರಿಂದ, ಹಳೇ ಯಂತ್ರದಲ್ಲಿ ಮಿಲಿಲೀಟರಿಗೆ 18 ಮಿಲಿಗ್ರಾಮ್ ಹಾಕುತ್ತಿದ್ದವನು ಇದರಲ್ಲಿ 3 ಮಿಲಿಗ್ರಾಮಿನ ದ್ರವವನ್ನು ಹಾಕುವನು. ಸೀಸೆಯ ಮೇಲಿನ ಅಂಕೆಯನ್ನು ನೋಡಿ ತಾನು ಮಿತಿಗೆ ಬಂದೆನೆಂದು ಸಂತೋಷಪಡುವನು. ಆದರೆ ದಿನಕ್ಕೆ ಸುಡುವ ದ್ರವವು ಎಷ್ಟೋ ಪಾಲು ಹೆಚ್ಚಿರುವದು. ಸಪ್ಪೆಯಾದ ದ್ರವವನ್ನು ಕೊಟ್ಟಾಗ ಜನರು ಹೆಚ್ಚು ಹೊತ್ತು, ಹೆಚ್ಚು ಸಲ ಎಳೆಯುತ್ತಾರೆಂದು ಇಂಗ್ಲೆಂಡಿನ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಕಳ್ಳಿನಲ್ಲಿ ನೀರು ಬೆರಸಿ ಕೊಡದ ಪಾತ್ರೆಯ ಬದಲಿಗೆ ಕೊಡವನ್ನೇ ಎತ್ತಿದಂತಾಯಿತು. ನಿಕೋಟಿನ್ ಹೆಚ್ಚಾಗಲಿಕ್ಕಿಲ್ಲ, ಗ್ಲೈಕಾಲು, ಗ್ಲಿಸರಿನು, ಪರಿಮಳ, ಕಾದ ತಂತಿಯಿಂದ ಬಿಟ್ಟುಬರುವ ಲೋಹದ ಕಣ, ಇವೆಲ್ಲವೂ ಹೆಚ್ಚಾಗಿಯೇ ಒಳಗೆ ಹೋಗುವವು.

ಆ ಒಳಗು ಎಂಥಾದ್ದು? ಶ್ವಾಸನಾಳಗಳ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಹಗಲಿರುಳು ಅಲ್ಲಾಡುತ್ತಾ, ಧೂಳನ್ನೂ ಕಫವನ್ನೂ ಮೇಲಕ್ಕೆ ಗುಡಿಸುತ್ತಿರುತ್ತವೆ. ಅವುಗಳ ಕೈಯಲ್ಲಾಗದ್ದನ್ನು ಹೊರಗೆ ತಳ್ಳುವದೇ ಕೆಮ್ಮು. ಆದಕಾರಣ ಕೆಮ್ಮನ್ನು ರೋಗವೆನ್ನುವದಕ್ಕಿಂತ ಸಾಕ್ಷಿಯೆನ್ನುವದು ಸರಿ. ವೇಪಿನ ಕಾಲಕ್ಕೆ ಮುಂಚೆಯೇ ಈ ಸಾಕ್ಷಿಯು ಮಾತಾಡಿತ್ತು: ನಾಟಕಶಾಲೆಗಳಲ್ಲಿ ಮಂಜಿನ ತೋರಿಕೆಗಾಗಿ ಇದೇ ಜಾತಿಯ ಗ್ಲೈಕಾಲನ್ನು ಕಾಯಿಸಿ ಬಿಡುತ್ತಾರಷ್ಟೆ. ಕೆನಡದ ಬ್ರಿಟಿಷ್ ಕೊಲಂಬಿಯ ಸೀಮೆಯಲ್ಲಿ ಅಂಥಾ ಸ್ಥಳಗಳ 101 ಮಂದಿ ಕೆಲಸಗಾರರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಆ ಮಂಜಿನಿಂದ ಕೆಮ್ಮೂ ಗಂಟಲೊಣಗುವಿಕೆಯೂ ಉಂಟಾದವೆಂದೂ, ಮಂಜಿನ ಯಂತ್ರಕ್ಕೆ ಹತ್ತಿರವಾಗಿ ಕೆಲಸ ಮಾಡಿದವರ ಉಸಿರಿನ ಶಕ್ತಿಯು ಕಡಿಮೆಯಿತ್ತೆಂದೂ ಬರೆದಿದೆ. ಅವರು ಅದನ್ನು ಬೇಕೆಂದು ಎಳೆದವರಲ್ಲ, ಹತ್ತಿರ ನಿಂತವರು.

ನಮ್ಮ ತರುಣನು ಈ ಸಾಕ್ಷಿಯನ್ನು ಏನು ಮಾಡಿದನು? ಗ್ಲೈಕಾಲು ಗಂಟಲನ್ನು ಕೆರೆಯುವದೆಂದು ತಿಳಿದು, ಗ್ಲಿಸರಿನು ಹೆಚ್ಚಾಗಿರುವ ದ್ರವಕ್ಕೆ ಬದಲಾಯಿಸಿದನಂತೆ. ಆಮೇಲೆ ಪುದೀನದ ತಂಪುಳ್ಳ ಮಾವಿನ ಪರಿಮಳವನ್ನು ಕೊಂಡನಂತೆ. ಕೆಮ್ಮು ಅರ್ಧಕ್ಕೆ ಇಳಿಯಿತಂತೆ. ಆದರೆ ಆ ತಂಪನ್ನು ಕೊಡುವ ಮೆಂಥಾಲಿನ ಗುಣವೇ ಉರಿಯನ್ನು ತಿಳಿಯದಂತೆ ಮಾಡುವದು. ಉರಿಯುವಂಥಾದ್ದು ಹೋಯಿತೆಂದಲ್ಲ, ಉರಿಯುತ್ತದೆಂದು ಹೇಳುವವನ ಬಾಯಿ ಮುಚ್ಚಿತು. ನ್ಯಾಯಸ್ಥಾನದಲ್ಲಿ ಸಾಕ್ಷಿಯವನು ಮೌನವಾದರೆ ವ್ಯಾಜ್ಯವು ತೀರಿತೆಂದು ಯಾರಾದರೂ ಹೇಳುವರೋ? ಈ ಕೆಲಸವನ್ನು ನಾವೆಲ್ಲರೂ ಬೇರೆ ಬೇರೆ ವಿಷಯಗಳಲ್ಲಿ ಮಾಡುವವರೇ. ಮನಸ್ಸಾಕ್ಷಿ ಚುಚ್ಚಿದಾಗ ನಡತೆಯನ್ನು ತಿದ್ದುವದಕ್ಕಿಂತ ಚುಚ್ಚುವಿಕೆಗೆ ಮುಲಾಮು ಹುಡುಕುವದು ಸುಲಭ.

ಆದರೂ ಸಾಕ್ಷಿಯ ಪರವಾಗಿ ಇನ್ನೊಂದು ಸಂಗತಿಯನ್ನು ಹೇಳಬೇಕು. 2015ರಲ್ಲಿ ಅಮೇರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನ ಪಂಡಿತರು, 3.3 ವೋಲ್ಟಿನಲ್ಲಿ ಕಾಯಿಸಿದ ಆವಿಯಲ್ಲಿ ಫಾರ್ಮಾಲ್ಡಿಹೈಡ್ ಬಿಡುವ ವಸ್ತು ಕಾಣಲಿಲ್ಲವೆಂದೂ 5 ವೋಲ್ಟಿನಲ್ಲಿ ಬಹಳವಾಗಿ ಕಂಡಿತೆಂದೂ ಪ್ರಕಟಿಸಿದರು. ಇದು ಶವಗಳನ್ನು ಕೆಡದಂತೆ ಇಡುವ ವಿಷ. ಪತ್ರಿಕೆಗಳು ದೊಡ್ಡ ಕೂಗು ಹಾಕಿದವು. ಆಗ ಬೇರೆ ಪಂಡಿತರು, "ಹತ್ತಿ ಒಣಗಿ ಸೀಯುವಷ್ಟು ಕಾಯಿಸಿದ ಆವಿಯನ್ನು ಯಂತ್ರವು ಎಳೆದೀತೇ ಹೊರತು ಮನುಷ್ಯನು ಎಳೆಯಲಾರನು, ಆ ಕಹಿಗೆ ಮೊದಲನೆಯ ಉಸಿರಿನಲ್ಲೇ ಉಗುಳಿಬಿಡುವನು" ಎಂಬ ತಾತ್ಪರ್ಯದ ಉತ್ತರವನ್ನು ಕೊಟ್ಟರು. ಇದು ತಕ್ಕ ಉತ್ತರವೇ. ಆದರೆ ಈ ಉತ್ತರವು ಯಾವದರ ಮೇಲೆ ನಿಂತಿದೆ ನೋಡಿರಿ! ನಾಲಿಗೆಯೂ ಗಂಟಲೂ ಸುಳ್ಳು ಹೇಳದೆ ಎಚ್ಚರಿಸುವವು ಎಂಬದರ ಮೇಲೆ. ಒಂದು ಕೈಯಿಂದ ಆ ಎಚ್ಚರವನ್ನು ನಂಬಿ, ಇನ್ನೊಂದು ಕೈಯಿಂದ ಅದನ್ನು ಸಿಹಿಯಿಂದಲೂ ತಂಪಿನಿಂದಲೂ ಮರೆಸುವದು ಹೇಗೆ ಒಟ್ಟಿಗೆ ನಡೆದೀತು?

"ಈ ದ್ರವದಲ್ಲಿರುವದನ್ನೆಲ್ಲಾ ಜನರು ತಿನ್ನುತ್ತಾರಲ್ಲಾ, ಮಿಠಾಯಿಯಲ್ಲಿರುವದೇ ಇದರಲ್ಲೂ ಇರುವದು" ಎಂಬ ಮಾತನ್ನೂ ತರುಣನು ಹೇಳಿದನು. ಅಮೇರಿಕದ ಮಿಸೌರಿ ಸೀಮೆಯ ಒಂದು ಕಾರ್ಖಾನೆಯಲ್ಲಿ ಜೋಳದ ಅರಳಿಗೆ ಬೆಣ್ಣೆಯ ಪರಿಮಳವನ್ನು ಬೆರಸುತ್ತಿದ್ದರು. ಆ ಪರಿಮಳವನ್ನು ಕೊಡುವ ಡೈಅಸಿಟೈಲ್ ಎಂಬ ವಸ್ತುವು ತಿನ್ನಲಿಕ್ಕೆ ನಿರಪಾಯವೆಂದು ಎಲ್ಲರೂ ಒಪ್ಪಿದ್ದರು. ಆದರೆ 2000ದಲ್ಲಿ, ಅಲ್ಲಿ ಕೆಲಸ ಮಾಡಿದ್ದ ಎಂಟು ಮಂದಿಗೆ ಶ್ವಾಸಕೋಶದ ಅತಿ ಸಣ್ಣ ನಾಳಗಳು ಗಾಯಗೊಂಡು ಮುಚ್ಚಿಕೊಳ್ಳುವ, ಹಿಂದಿರುಗಿ ಸರಿಯಾಗದ ರೋಗವು ಹಿಡಿದದ್ದು ವೈದ್ಯಾಧಿಕಾರಿಗಳಿಗೆ ತಿಳಿದುಬಂತು. ತಿಂದವರಿಗೆ ಏನೂ ಆಗಲಿಲ್ಲ, ಉಸಿರಾಡಿದವರು ಕೆಟ್ಟರು. ಹಾರ್ವರ್ಡಿನ ಪಂಡಿತರು 2015ರಲ್ಲಿ 51 ಬಗೆಯ ವೇಪ್ ಪರಿಮಳಗಳನ್ನು ಶೋಧಿಸಿದಾಗ 39ರಲ್ಲಿ ಇದೇ ಡೈಅಸಿಟೈಲ್ ಇತ್ತು. ಸಿಗರೇಟಿನ ಹೊಗೆಯಲ್ಲಿ ಅದು ಇನ್ನೂ ಹೆಚ್ಚಾಗಿ ಉಂಟೆಂಬದನ್ನೂ ಮುಚ್ಚಿಡಬಾರದು.

ಇದಕ್ಕಿಂತ ಘೋರವಾದದ್ದು 2019ರಲ್ಲಿ ನಡೆಯಿತು. ಅಮೇರಿಕದಲ್ಲಿ ಆ ವರುಷದ ಬೇಸಿಗೆಯಿಂದ ವೇಪ್ ಎಳೆಯುವ ತರುಣರು ಕೆಮ್ಮು, ಏದುಸಿರು, ಜ್ವರಗಳಿಂದ ಗುಂಪುಗುಂಪಾಗಿ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿಯೊಳಗೆ ಲೆಕ್ಕವು 2807ಕ್ಕೆ ಏರಿತು, ಸತ್ತವರು 68. ರೋಗಿಗಳ ಶ್ವಾಸಕೋಶವನ್ನು ತೊಳೆದ ನೀರನ್ನು ಪರೀಕ್ಷಿಸಿದಾಗ 51 ಮಂದಿಯಲ್ಲಿ 48 ಮಂದಿಯ ನೀರಿನಲ್ಲಿ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ ಕಂಡಿತು. ಹೋಲಿಕೆಗಾಗಿ ಪರೀಕ್ಷಿಸಿದ 99 ಮಂದಿ ಆರೋಗ್ಯವಂತರಲ್ಲಿ ಒಬ್ಬರಲ್ಲಿಯೂ ಇರಲಿಲ್ಲ. ಗಾಂಜದ ಸಾರವನ್ನು ಕಳ್ಳತನದಲ್ಲಿ ಮಾರುವವರು ಅದಕ್ಕೆ ಈ ಎಣ್ಣೆಯನ್ನು ಬೆರಸುತ್ತಿದ್ದರು. ಇಂಗ್ಲೆಂಡಿನ ಅಂಗಡಿಯ ನಿಕೋಟಿನ್ ದ್ರವಕ್ಕೂ ಇದಕ್ಕೂ ಭೇದವುಂಟು, ಅದನ್ನು ತರುಣನು ಸರಿಯಾಗಿಯೇ ಹೇಳಿದನು. ಆದರೆ ಈ ಎಣ್ಣೆಯನ್ನು ಜನರು ಗುಳಿಗೆಯಾಗಿ ನುಂಗುತ್ತಾರೆ, ಮೈಗೆ ಹಚ್ಚುತ್ತಾರೆ. ಹೊಟ್ಟೆಯೂ ಚರ್ಮವೂ ಅದನ್ನು ತಾಳುತ್ತವೆ, ಶ್ವಾಸಕೋಶವು ತಾಳುವದಿಲ್ಲ. ಹೊಟ್ಟೆಗೆ ಹೋದದ್ದನ್ನು ದೇಹವು ಅರೆದು, ಸೋಸಿ, ಬೇಡದ್ದನ್ನು ಹೊರಗೆ ಹಾಕುವದು. ಶ್ವಾಸಕೋಶದಲ್ಲಿ ರಕ್ತಕ್ಕೂ ಗಾಳಿಗೂ ನಡುವೆ ಇರುವ ಪೊರೆಯು ಕಾಗದಕ್ಕಿಂತ ಎಷ್ಟೋ ತೆಳ್ಳಗಿನದು, ಅಲ್ಲಿ ಅಡುಗೆಮನೆಯಿಲ್ಲ. ನಿರಪಾಯವೆಂಬ ಶಬ್ದವನ್ನು ಕೇಳಿದಾಗಲೆಲ್ಲಾ, ಯಾವ ಬಾಗಿಲಿನಿಂದ ಒಳಗೆ ಬಂದರೆ ನಿರಪಾಯವೆಂದು ಕೇಳಬೇಕಾಯಿತು.

ಈಗ ಆ ತೊಂಬತ್ತೈದಕ್ಕೆ ಬರೋಣ. 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯವರು ಈ ಅಂಕೆಯನ್ನು ಪ್ರಕಟಿಸಿದ್ದು ನಿಜ. ಆದರೆ ಅದು ರೋಗಿಗಳನ್ನು ಎಣಿಸಿ ಬಂದದ್ದಲ್ಲ. ಕೆಲವು ಮಂದಿ ಪಂಡಿತರು 2013ರಲ್ಲಿ ಒಟ್ಟಾಗಿ ಕೂತು, ಬೇರೆ ಬೇರೆ ನಿಕೋಟಿನ್ ಪದಾರ್ಥಗಳ ಕೇಡನ್ನು ತಮ್ಮ ತಮ್ಮ ಅಭಿಪ್ರಾಯದಂತೆ ತೂಗಿದ್ದರಿಂದ ಹುಟ್ಟಿದ ಅಂದಾಜು. 2015ರಲ್ಲಿಯೇ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯು ಇದನ್ನು ಆಕ್ಷೇಪಿಸಿತು. 2022ರಲ್ಲಿ ಲಂಡನಿನ ಕಿಂಗ್ಸ್ ಕಾಲೇಜಿನವರು ಅಲ್ಲಿಯ ಸರಕಾರಕ್ಕಾಗಿ ಬರೆದ ದೊಡ್ಡ ವರದಿಯು ಹೆಚ್ಚು ಜಾಗ್ರತೆಯಿಂದ ಮಾತಾಡಿದೆ: ಸದ್ಯಕ್ಕೂ ಇನ್ನು ಕೆಲವು ವರುಷಗಳ ಮಟ್ಟಿಗೂ ಸಿಗರೇಟಿನ ಅಪಾಯದ ಸಣ್ಣ ಪಾಲು ಮಾತ್ರ ಇದರಲ್ಲಿರುವದು, ಆದರೆ ಅಪಾಯವಿಲ್ಲವೆಂದಲ್ಲ, ಮುಖ್ಯವಾಗಿ ಎಂದೂ ಸೇದದವರಿಗೆ.

ಇದನ್ನು ಆ ಜಗಲಿಯಲ್ಲಿ ನಾವು ಸಾಲದ ದೃಷ್ಟಾಂತದಿಂದ ಹೇಳಿದೆವು. ತಿಂಗಳಿಗೆ ನೂರಕ್ಕೆ ಹತ್ತರಂತೆ ವಡ್ಡಿ ಹೀರುವ ಸಾಹುಕಾರನ ಕೈಯಿಂದ ಬಿಡಿಸಿಕೊಳ್ಳಲಿಕ್ಕೆ, ಸೊಸೈಟಿಯಲ್ಲಿ ನೂರಕ್ಕೆ ಒಂದರ ಸಾಲವನ್ನು ಎತ್ತಿದವನು ಬುದ್ಧಿವಂತನು. ಅವನನ್ನು ಸಾಲಗಾರನೆಂದು ನಿಂದಿಸುವವನಿಗೆ ಕನಿಕರವಿಲ್ಲ. ಆದರೆ ಒಂದು ಕಾಸಿನ ಸಾಲವೂ ಇಲ್ಲದ ನೆರೆಯವನು, ವಡ್ಡಿ ಇಷ್ಟು ಕಡಿಮೆಯಲ್ಲಾ ಎಂದು ಹೇಳಿ, ಬೇಡದ ಸಾಲವನ್ನು ತಲೆಗೆ ಕಟ್ಟಿಕೊಂಡರೆ? ಮೊದಲಿನವನು ನೂರಕ್ಕೆ ಒಂಬತ್ತನ್ನು ಉಳಿಸಿದನು. ಎರಡನೆಯವನು ಒಂದನ್ನು ಕಳಕೊಂಡನು. ಪತ್ರ ಒಂದೇ, ವಡ್ಡಿ ಒಂದೇ. ಕಡಿಮೆಯೆಂಬ ಶಬ್ದವು ಹಿಂದೆ ಒಂದು ಹೆಚ್ಚು ಇದ್ದವನಿಗೆ ಮಾತ್ರ ಸಲ್ಲುವಂಥಾದ್ದು. ಹುಡುಗನು ತಲೆ ತಗ್ಗಿಸಿ ನಕ್ಕನು. ಅವನಿಗೆ ತಿಳಿಯಿತೆಂದು ನಾವು ಎಣಿಸುತ್ತೇವೆ.

ತರುಣನ ಲೆಕ್ಕವು ಅಷ್ಟು ಸುಲಭವಲ್ಲ, ಅಲ್ಲೇ ನಮ್ಮ ಉತ್ತರವು ಅರ್ಧಕ್ಕೆ ನಿಂತದ್ದು. ಅವನ ಪಕ್ಷದಲ್ಲಿ ಬಲವಾದ ಸಾಕ್ಷ್ಯವಿದೆ. ಇಂಗ್ಲೆಂಡಿನಲ್ಲಿ ಸಿಗರೇಟು ಬಿಡಬೇಕೆಂದು ಬಂದ 886 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ವೇಪನ್ನೂ ಇನ್ನೊಂದಕ್ಕೆ ನಿಕೋಟಿನ್ ಪಟ್ಟಿ, ಜಗಿಯುವ ಗಮ್ ಮುಂತಾದವುಗಳನ್ನೂ ಕೊಟ್ಟು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ವರುಷದ ಕೊನೆಗೆ ವೇಪಿನವರಲ್ಲಿ ನೂರಕ್ಕೆ 18 ಮಂದಿಯೂ ಉಳಿದವರಲ್ಲಿ ಸುಮಾರು 10 ಮಂದಿಯೂ ಸಿಗರೇಟನ್ನು ಬಿಟ್ಟಿದ್ದರು. ವೇಪಿನವರಲ್ಲಿ ಬಾಯಿ ಗಂಟಲುಗಳ ಉರಿಯು ನೂರಕ್ಕೆ 65 ಮಂದಿಗೆ ಇತ್ತು, ಬೇರೆಯವರಲ್ಲಿ 51. ಆದರೆ ಹಿಂದಿನ ಕೆಮ್ಮೂ ಕಫವೂ ವೇಪಿನವರಲ್ಲೇ ಹೆಚ್ಚಾಗಿ ಇಳಿದವು. ಸಿಗರೇಟು ಅಷ್ಟು ಕೆಟ್ಟದ್ದು! ಆದಕಾರಣ ಅವನ ಮಾವನು ಅವನನ್ನು ಹಾಸ್ಯಮಾಡಿದ್ದು ನ್ಯಾಯವಲ್ಲ; ಹಾಸ್ಯಮಾಡಿದವರ ಕಿವಿಯ ಮೇಲೆ ಇದ್ದದ್ದು ಮೂವರ ವಸ್ತುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು.

ಆದರೆ ಆ ಪರೀಕ್ಷೆಯಲ್ಲಿ ಮೊದಲು ಕೊಟ್ಟ ಯಂತ್ರವು ಸುಮಾರು 2 ಓಮಿನದು, ಸಣ್ಣ ಮೋಡದ್ದು. ಒಂದು ಯಂತ್ರವು ಸಂಪಾದಿಸಿದ ಒಳ್ಳೇ ಹೆಸರಿನಿಂದ ನಮ್ಮ ತರುಣನು ಇನ್ನೊಂದು ಯಂತ್ರವನ್ನು ಎಳೆಯುತ್ತಿದ್ದನು. ಹೆಚ್ಚು ಬಲದ ಸುರುಳಿಗಳ ವಿಷಯದಲ್ಲಿ ಕ್ಯಾಲಿಫೋರ್ನಿಯದ ಪಂಡಿತರು 2020ರಲ್ಲಿ, ಗಾಂಜದ ಸಾರವಾಗಲಿ ವಿಟಮಿನ್ ಎಣ್ಣೆಯಾಗಲಿ ಇಲ್ಲದ ಆವಿಯಿಂದಲೂ ಇಲಿಗಳ ಶ್ವಾಸಕೋಶಕ್ಕೆ ಗಾಯವಾದದ್ದನ್ನು ಬರೆದಿದ್ದಾರೆ. ಇಲಿಯು ಮನುಷ್ಯನಲ್ಲ, ಆದರೂ ಅಲಕ್ಷ್ಯಮಾಡತಕ್ಕದ್ದಲ್ಲ. ಇನ್ನೊಂದು ಸಂಗತಿ: ಅದೇ ಇಂಗ್ಲೆಂಡಿನ ಪರೀಕ್ಷೆಯಲ್ಲಿ ಸಿಗರೇಟು ಬಿಟ್ಟ ವೇಪಿನವರಲ್ಲಿ ನೂರಕ್ಕೆ 80 ಮಂದಿ ವರುಷದ ಕೊನೆಗೂ ವೇಪನ್ನು ಹಿಡಿದೇ ಇದ್ದರು. ಸೇತುವೆಯು ನದಿ ದಾಟಲಿಕ್ಕೆ. ಅದರ ಮೇಲೆ ಮನೆ ಕಟ್ಟುವದಕ್ಕಲ್ಲ. ನಮ್ಮ ತರುಣನು ಸಿಗರೇಟಿನಿಂದ ಸಣ್ಣ ಯಂತ್ರಕ್ಕೆ ಬಂದದ್ದು ಇಳಿಯುವ ಮೆಟ್ಟಲು. ಸಣ್ಣ ಯಂತ್ರದಿಂದ ಸಬ್-ಓಮಿಗೆ ಹೋದದ್ದು, ನಮ್ಮ ತೋರಿಕೆಯಲ್ಲಿ, ಪುನಃ ಏರಿದ ಮೆಟ್ಟಲು. ಕಡಿಮೆಯ ಕಡೆಗೆ ಹೊರಟವನು ಯಾವ ಕಡೆಗೆ ಮುಖಮಾಡಿದ್ದಾನೆಂಬದೇ ಅವನ ನಡತೆಯ ಅಳತೆ. ಇದನ್ನು ಆ ದಿನ ಹೇಳಲಿಕ್ಕೆ ನಮಗೆ ತೋಚಲಿಲ್ಲ.

ಸರಕಾರಗಳ ಮಾತು ಬೇರೆ. ಕರ್ನಾಟಕವು 2016ರಲ್ಲಿಯೇ ಈ ಯಂತ್ರವನ್ನು ನಿಷೇಧಿಸಿತು. 2019ರಲ್ಲಿ ದೇಶಕ್ಕೆಲ್ಲಾ ಕಾಯಿದೆಯಾಯಿತು, ಮಾರಿದವನಿಗೆ ಮೊದಲನೆಯ ತಪ್ಪಿಗೆ ಒಂದು ವರುಷದ ವರೆಗೆ ಸೆರೆ, ಒಂದು ಲಕ್ಷ ರೂಪಾಯಿಯ ವರೆಗೆ ದಂಡ. ಇಂಗ್ಲೆಂಡು 2023ರಲ್ಲಿ ಹತ್ತು ಲಕ್ಷ ಮಂದಿ ಸಿಗರೇಟಿನವರಿಗೆ ಈ ಯಂತ್ರವನ್ನು ಕೊಡುವೆವೆಂದು ಪ್ರಕಟಿಸಿತು. ಅಲ್ಲಿಯವರು ಮಾವನಂಥವರನ್ನು ನೋಡಿದರು, ಇಲ್ಲಿಯವರು ಹುಡುಗನಂಥವರನ್ನು. ಅಮೇರಿಕದಲ್ಲಿ 2019ರಲ್ಲಿ ಹೈಸ್ಕೂಲಿನ ಮಕ್ಕಳಲ್ಲಿ ನೂರಕ್ಕೆ 27ಕ್ಕೂ ಹೆಚ್ಚು ಮಂದಿ ವೇಪ್ ಎಳೆಯುತ್ತಿದ್ದರೆಂಬದನ್ನು ನೋಡಿದವರು ನಮ್ಮ ಕಾಯಿದೆಯನ್ನು ಸುಮ್ಮನೆ ತಳ್ಳಿಬಿಡಲಾರರು. ಆದರೂ ನಮಗೆ ಒಂದು ಮುಜುಗರವುಂಟು: ಹೊಸ ಕೇಡಿಗೆ ಬಾಗಿಲು ಹಾಕಿದ ದೇಶದಲ್ಲಿ, ಅದಕ್ಕಿಂತ ದೊಡ್ಡದಾದ ಹಳೇ ಕೇಡು ಪ್ರತಿಯೊಂದು ಗೂಡಂಗಡಿಯಲ್ಲಿ ನೇತಾಡುತ್ತದೆ. ಇದನ್ನು ನಾವು ಹೇಳಿದಾಗ ಮನೆಯ ಅಮ್ಮನವರು ಮೊರದಿಂದ ಕಣ್ಣೆತ್ತದೆ, "ಅದನ್ನೂ ನಿಲ್ಲಿಸಿದರೆ ನಮ್ಮ ಕೈಗೆ ಬೇರೇನು ಕೊಡುತ್ತಾರೆ ಉಪದೇಶಿಯವರೇ?" ಎಂದು ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಹೊರಡುವಾಗ ಯಜಮಾನರು, "ನನ್ನ ಲೆಕ್ಕವನ್ನು ಯಾರೂ ಹೇಳಲಿಲ್ಲ. ಇವನ ಯಂತ್ರ ಇಲ್ಲಿ ಸಿಕ್ಕುವದಿಲ್ಲ, ಸಿಕ್ಕಿದರೂ ನನಗೆ ಬೇಡ. ಬಿಡುವದಕ್ಕೆ ನಾನು ಯಾರನ್ನು ಕೇಳಲಿ?" ಅಂದರು. ನಲವತ್ತೈದು ವರುಷಗಳಲ್ಲಿ ಅವರು ಈ ಮಾತನ್ನಾಡಿದ್ದು ಮೊದಲನೆಯ ಸಲವೆಂದು ಅಮ್ಮನವರು ಆಮೇಲೆ ನಮಗೆ ತಿಳಿಸಿದರು. ತಂಬಾಕು ಬಿಡುವವರಿಗೆ ಸರಕಾರದ್ದೊಂದು ಉಚಿತ ದೂರವಾಣಿ ಉಂಟೆಂದೂ, ಬೆಂಗಳೂರಿನ ನಿಮ್ಹಾನ್ಸಿನವರು ಆ ಕೆಲಸವನ್ನು ಕನ್ನಡದಲ್ಲಿಯೂ ನಡಿಸುವರೆಂದೂ ನಮಗೆ ನೆನಪಿತ್ತು, ಸಂಖ್ಯೆಯು ಮಾತ್ರ ನೆನಪಿರಲಿಲ್ಲ. ಹುಡುಗನು ತಂದೆಯ ಅಂಗಿಯ ಕಿಸೆಯಿಂದ ಬೀಡಿಯ ಕಟ್ಟನ್ನು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ರೋಗದ ಚಿತ್ರದ ಹತ್ತಿರ ಸಣ್ಣ ಅಕ್ಷರಗಳಲ್ಲಿದ್ದದ್ದನ್ನು ಒಂದೊಂದಾಗಿ ಓದಿದನು: 1800-11-2356. ಅಮ್ಮನವರು ಒದ್ದೆ ಕೈಯನ್ನು ಸೆರಗಿಗೆ ಒರಸಿಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಅದನ್ನು ಬರಕೊಂಡರು.